ಪ್ಯಾರಿಸಿನ ಜವಳಿ ಮಳಿಗೆ ಮತ್ತು ಪೋಲಿನ್ ಎಂಬ ಗೆಳತಿ

ಜವಳಿ ಅಂಗಡಿಗೆ ಹೋದಾಗ ನಮ್ಮ ಕಣ್ಣು ಸೀರೆಯ ಅಂಚಿನ ಮೇಲಿರುತ್ತದೆ, ಸೆರಗಿನ ಮೇಲಿರುತ್ತದೆ, ಬೆಲೆಯ ಚೀಟಿಯ ಮೇಲಂತೂ ಇದ್ದೇ ಇರುತ್ತದೆ. ಒಂದಾದ ಮೇಲೊಂದರಂತೆ ಬಿಚ್ಚಿ ತೋರಿಸಿ, ನಾವು ಬೇಡವೆಂದದ್ದನ್ನು ಮತ್ತೆ ಮಡಿಚಿಡುವ ಹುಡುಗಿಯ ಮುಖ ಮಾತ್ರ ಹೊರಗೆ ಬಂದ ಮೇಲೆ ನೆನಪಿಗೆ ಬರುವುದಿಲ್ಲ. ಚರಿತ್ರೆಯ ಪುಸ್ತಕಗಳಿಗೂ ಬಹುಕಾಲ ಆ ಮುಖ ಕಾಣಿಸಿರಲಿಲ್ಲ. ಉಡುಪಿನ ಚರಿತ್ರೆಯೆಂದರೆ ರಾಣಿಯರ ನಿಲುವಂಗಿಗಳ ಚರಿತ್ರೆ, ಹೆಸರಾಂತ ವಿನ್ಯಾಸಕಾರರ ಚರಿತ್ರೆ ಎಂದೇ ನಾವು ಓದುತ್ತಾ ಬಂದಿದ್ದೇವೆ. ಆ ಹುಡುಗಿಯನ್ನು ಮೊದಲು ಹತ್ತಿರದಿಂದ ಕಂಡವರಲ್ಲಿ ಕಾದಂಬರಿಕಾರರಿದ್ದಾರೆ.

ವಿದ್ಯಾರ್ಥಿ ಮಿತ್ರರೇ, ಫ್ಯಾಷನ್ ಜಗತ್ತನ್ನು ಕುರಿತ ಕಥೆಗಳಲ್ಲಿ ಒಂದು ಪಾತ್ರ ಮತ್ತೆ ಮತ್ತೆ ಬರುತ್ತದೆ. ನಾಯಕಿ ಹೊಸಬಳು, ಥಳುಕಿನ ಲೋಕಕ್ಕೆ ಬಂದು ಬೆರಗಾಗಿ ನಿಂತವಳು. ಅವಳ ಪಕ್ಕದಲ್ಲಿ ನೆಲದ ಮೇಲೆ ಕಾಲೂರಿ ನಿಂತ ಒಬ್ಬ ಗೆಳತಿ. ಈ ಗೆಳತಿಗೆ ದೊಡ್ಡ ಕನಸುಗಳಿಲ್ಲ. ಮನೆ ಬಾಡಿಗೆ ಎಷ್ಟು, ಊಟಕ್ಕೆ ಎಷ್ಟು, ಮೇಲಿನವರು ಯಾವಾಗ ರೇಗುತ್ತಾರೆ ಎಂಬುದೆಲ್ಲ ಅವಳಿಗೆ ಗೊತ್ತು. 2003ರಲ್ಲಿ ಪ್ರಕಟವಾಗಿ 2006ರಲ್ಲಿ ಚಲನಚಿತ್ರವೂ ಆದ ಲಾರೆನ್ ವೈಸ್‌ಬರ್ಗರ್ ಅವರ ‘ದಿ ಡೆವಿಲ್ ವೇರ್ಸ್ ಪ್ರಾಡಾ’ ಕಾದಂಬರಿಯಲ್ಲಿ ನಾಯಕಿ ಆಂಡ್ರಿಯಾಳಿಗೆ ಲಿಲಿ ಎಂಬ ಗೆಳತಿಯಿದ್ದಾಳೆ. ಆದರೆ ನಾವು ಇಲ್ಲಿ ನೋಡಹೊರಟಿರುವುದು ಅದಕ್ಕಿಂತ 120 ವರ್ಷ ಹಿಂದಿನ ಒಬ್ಬ ಗೆಳತಿಯನ್ನು. ಅವಳ ಹೆಸರು ಪೋಲಿನ್. ಫ್ರಾನ್ಸಿನ ಎಮಿಲ್ ಜೋಲಾ 1883ರಲ್ಲಿ ಹೊರತಂದ ‘ಓ ಬೊನರ್ ದೆ ದಾಮ್’ ಎಂಬ ಕಾದಂಬರಿಯಲ್ಲಿ ಅವಳು ಬರುತ್ತಾಳೆ. ‘ಹೆಂಗಳೆಯರ ಆನಂದ’ ಎಂದು ಆ ಹೆಸರಿಗೆ ಅರ್ಥ ಹೇಳಬಹುದು. ಅದು ಕಥೆಯಲ್ಲಿ ಬರುವ ಒಂದು ಭಾರಿ ಜವಳಿ ಮಳಿಗೆಯ ಹೆಸರು.

ನಾಯಕಿಗೊಬ್ಬಳು ಸಖಿ ಬೇಕೆಂಬುದು ನಮಗೇನೂ ಹೊಸದಲ್ಲ. ಕಾಳಿದಾಸನ ‘ಶಾಕುಂತಲ’ದ ಅನಸೂಯೆ, ಪ್ರಿಯಂವದೆಯರನ್ನು ನೆನೆಯಿರಿ. ಶಕುಂತಲೆಯನ್ನು ಗಂಡನ ಮನೆಗೆ ಕಳುಹಿಸುವಾಗ ಅವಳಿಗೆ ಒಡವೆ ತೊಡಿಸುವವರು ಈ ಇಬ್ಬರೇ. ಆದರೆ ಆಶ್ರಮದ ಹುಡುಗಿಯರಾದ ಅವರು ಒಡವೆ ತೊಟ್ಟವರಲ್ಲ. ಯಾವುದನ್ನು ಎಲ್ಲಿ ತೊಡಿಸಬೇಕೆಂಬುದನ್ನು ಚಿತ್ರಗಳಲ್ಲಿ ನೋಡಿದ ನೆನಪಿನ ಮೇಲೆ ಮಾಡುತ್ತೇವೆ ಎಂದು ಅವರೇ ಹೇಳಿಕೊಳ್ಳುತ್ತಾರೆ. ಅಲಂಕಾರದ ಲೋಕಕ್ಕೆ ಹೊರಗಿನವರಾಗಿದ್ದೂ ಅಲಂಕಾರ ಮಾಡಿ ಕಳಿಸುವವರು! ಪೋಲಿನ್ ಇವರಿಗಿಂತ ಭಿನ್ನ. ಅವಳು ಆ ಲೋಕದ ಒಳಗೇ ದುಡಿಯುವವಳು, ಒಳ ಉಡುಪು ಮತ್ತು ಬಿಳಿ ಬಟ್ಟೆಯ ವಿಭಾಗದ ಮಾರಾಟಗಾರ್ತಿ. ಸಂಬಳಕ್ಕಿರುವ ಸಖಿ ಎನ್ನೋಣ.

ಅವಳು ದುಡಿಯುವ ಮಳಿಗೆ ಎಂಥದು ಎಂಬುದನ್ನು ತಿಳಿಯಲು ಆ ಕಾಲದ ಪ್ಯಾರಿಸನ್ನು ಸ್ವಲ್ಪ ನೋಡಬೇಕು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬಟ್ಟೆಯ ಅಂಗಡಿಯೆಂದರೆ ಕತ್ತಲು ಕತ್ತಲಾದ ಸಣ್ಣ ಕೋಣೆ. ಬೆಲೆ ಬರೆದಿರುತ್ತಿರಲಿಲ್ಲ, ಗಿರಾಕಿಯ ಮುಖ ನೋಡಿ ಹೇಳುತ್ತಿದ್ದರು. ಒಳಗೆ ಕಾಲಿಟ್ಟ ಮೇಲೆ ಏನನ್ನೂ ಕೊಳ್ಳದೆ ಹೊರಬರುವುದು ಮರ್ಯಾದೆಯಲ್ಲವೆಂಬ ಭಾವನೆಯಿತ್ತು. ಈ ಪದ್ಧತಿಯನ್ನು ಮುರಿದವರಲ್ಲಿ ಮುಖ್ಯನಾದವನು ಆರಿಸ್ಟಿಡ್ ಬೂಸಿಕೋ. 1852ರಲ್ಲಿ ಅವನು ‘ಬಾನ್ ಮಾರ್ಶೆ’ ಎಂಬ ಅಂಗಡಿಗೆ ಪಾಲುದಾರನಾಗಿ ಬಂದ. 1863ರಲ್ಲಿ ಅದನ್ನು ಪೂರ್ತಿಯಾಗಿ ತನ್ನದಾಗಿಸಿಕೊಂಡ. ಪ್ರತಿಯೊಂದಕ್ಕೂ ನಿಗದಿತ ಬೆಲೆ, ಯಾರು ಬೇಕಾದರೂ ಒಳಗೆ ಬಂದು ಸುಮ್ಮನೆ ನೋಡಿಕೊಂಡು ಹೋಗಬಹುದು, ಹಿಡಿಸದಿದ್ದರೆ ಹಿಂತಿರುಗಿಸಬಹುದು, ಲಾಭ ಕಡಿಮೆ ಆದರೆ ಮಾರಾಟ ಹೆಚ್ಚು: ಇವು ಅವನ ಸೂತ್ರಗಳು. ಇವೆಲ್ಲವನ್ನೂ ಅವನೊಬ್ಬನೇ ಕಂಡುಹಿಡಿದನೆಂದಲ್ಲ, ಆದರೆ ಇವನ್ನೆಲ್ಲ ಒಟ್ಟಿಗೆ ಒಂದು ಯಂತ್ರದಂತೆ ಓಡಿಸಿದವನು ಅವನು. 1852ರಲ್ಲಿ ಆ ಅಂಗಡಿಯ ವರ್ಷದ ಮಾರಾಟ 5 ಲಕ್ಷ ಫ್ರಾಂಕ್‌ಗಳನ್ನು ಮುಟ್ಟಿರಲಿಲ್ಲ. ಬೂಸಿಕೋ ತೀರಿಕೊಂಡ 1877ರಲ್ಲಿ ಅದು 7 ಕೋಟಿ ಫ್ರಾಂಕ್‌ಗಳನ್ನು ದಾಟಿತ್ತು. ಅವನ ಹೆಂಡತಿ ಮಾರ್ಗರೀತ್ ಬರ್ಗಂಡಿ ಪ್ರಾಂತದ ಬಡ ರೈತರ ಮನೆಯವಳು, ಎಳವೆಯಲ್ಲಿ ಬಾತುಕೋಳಿ ಕಾಯ್ದವಳು. ಗಂಡನ ನಂತರ ಈ ಭಾರಿ ಉದ್ಯಮದ ಹೊಣೆ ಅವಳ ಕೈಗೆ ಬಂತು. ನಂಬಲಾಗದ ತಿರುವುಗಳು ಕಾದಂಬರಿಯಲ್ಲಿ ಮಾತ್ರವೇ ಬರುತ್ತವೆ ಎಂದುಕೊಳ್ಳಬೇಡಿ.

ಇನ್ನೊಂದು ಬದಿಯಲ್ಲಿ ಶ್ರೀಮಂತರ ಫ್ಯಾಷನ್ ಬೆಳೆಯುತ್ತಿತ್ತು. ಇಂಗ್ಲೆಂಡಿನಿಂದ ಬಂದ ಚಾರ್ಲ್ಸ್ ಫ್ರೆಡರಿಕ್ ವರ್ತ್ 1858ರಲ್ಲಿ ಪ್ಯಾರಿಸಿನ ಪೇ ಬೀದಿಯಲ್ಲಿ ತನ್ನ ಮನೆತನದ ಹೆಸರಿನ ಉಡುಪಿನ ಸಂಸ್ಥೆ ತೆರೆದು ಚಕ್ರವರ್ತಿನಿ ಯೂಜೆನಿಗೇ ಬಟ್ಟೆ ಹೊಲಿದ. ಅವನ ಹೆಂಡತಿ ಮಾರಿ ವೆರ್ನೆ ಮೊದಲು ಅಂಗಡಿಯಲ್ಲಿ ಶಾಲುಗಳನ್ನು ಹೊದ್ದು ಗಿರಾಕಿಗಳಿಗೆ ತೋರಿಸುತ್ತಿದ್ದವಳು. ಇಂದಿನ ರೂಪದರ್ಶಿಯರ ಪರಂಪರೆಯನ್ನು ಹಲವರು ಅವಳಿಂದಲೇ ಆರಂಭಿಸುತ್ತಾರೆ. ವರ್ತ್‌ನ ಅಂಗಡಿಯಲ್ಲಿ ಹುಟ್ಟಿದ ಆಕಾರ ಸ್ವಲ್ಪ ಕಾಲದಲ್ಲೇ ದೊಡ್ಡ ಮಳಿಗೆಗಳಲ್ಲಿ ಸಿದ್ಧ ಉಡುಪಾಗಿ, ಕಡಿಮೆ ಬೆಲೆಗೆ, ವಕೀಲನ ಹೆಂಡತಿಗೂ ಗುಮಾಸ್ತನ ಹೆಂಡತಿಗೂ ಸಿಗುತ್ತಿತ್ತು. ಹೊಲಿಗೆ ಯಂತ್ರ ಬಂದದ್ದು ಇದಕ್ಕೆ ಅನುಕೂಲವಾಯಿತು. ಫ್ಯಾಷನ್ ಎಂಬುದು ಉದ್ಯಮವಾದದ್ದು ಹೀಗೆ.

ಜೋಲಾ ಕುತೂಹಲದ ಮನುಷ್ಯ. ಇಪ್ಪತ್ತು ಕಾದಂಬರಿಗಳ ತನ್ನ ಮಾಲೆಯಲ್ಲಿ ಗಣಿ, ರೈಲು, ಮಾರುಕಟ್ಟೆ, ಹೆಂಡದಂಗಡಿ ಹೀಗೆ ಒಂದೊಂದು ಲೋಕವನ್ನೇ ಎತ್ತಿಕೊಂಡವನು. ಇದು ಹನ್ನೊಂದನೆಯದು. ಬರೆಯುವ ಮೊದಲು, 1882ರಲ್ಲಿ, ಅವನು ಬಾನ್ ಮಾರ್ಶೆಗೂ ಲೂವ್ರ್ ಹೆಸರಿನ ಮತ್ತೊಂದು ದೊಡ್ಡ ಮಳಿಗೆಗೂ ಹೋಗಿ ಕೈಯಲ್ಲಿ ಟಿಪ್ಪಣಿ ಪುಸ್ತಕ ಹಿಡಿದು ತಿರುಗಾಡಿದ. ದಾಸ್ತಾನು ಎಲ್ಲಿಡುತ್ತಾರೆ, ಊಟಕ್ಕೆ ಏನು ಬಡಿಸುತ್ತಾರೆ, ನೌಕರರು ಎಲ್ಲಿ ಮಲಗುತ್ತಾರೆ ಎಂಬುದನ್ನೆಲ್ಲ ಬರೆದುಕೊಂಡ. ಮಳಿಗೆಯಲ್ಲಿ ದುಡಿದ ಹೆಣ್ಣುಮಗಳೊಬ್ಬಳಿಂದಲೂ ವಿವರ ಕೇಳಿ ತಿಳಿದ. ಪೋಲಿನ್‌ಳ ಮಾತುಗಳಿಗೆ ಇರುವ ಗಟ್ಟಿತನ ಇಂಥ ವಿಚಾರಣೆಯಿಂದ ಬಂದದ್ದು ಎನ್ನುವುದು ನನ್ನ ಊಹೆ.

ಈಗ ಕಥೆಗೆ ಬರೋಣ. ಕಾಲ 1864ರಿಂದ 1869. ದೆನೀಸ್ ಎಂಬ ಇಪ್ಪತ್ತರ ಹುಡುಗಿ ತಂದೆತಾಯಿಯರನ್ನು ಕಳೆದುಕೊಂಡು, ಇಬ್ಬರು ತಮ್ಮಂದಿರ ಕೈಹಿಡಿದು, ನಾರ್ಮಂಡಿಯ ವಲೋನ್ಯ್ ಎಂಬ ಊರಿನಿಂದ ಪ್ಯಾರಿಸಿಗೆ ಬರುತ್ತಾಳೆ. ಚಿಕ್ಕಪ್ಪನ ಹಳೆಯ ಜವಳಿ ಅಂಗಡಿಯಲ್ಲಿ ಕೆಲಸವಿಲ್ಲ. ಎದುರಿಗೇ ಬೆಳೆದು ನಿಂತ ದೊಡ್ಡ ಮಳಿಗೆ ಅವನ ವ್ಯಾಪಾರವನ್ನು ತಿಂದುಹಾಕುತ್ತಿದೆ. ಕೊನೆಗೆ ಅವಳು ಸೇರುವುದು ಆ ಮಳಿಗೆಯನ್ನೇ. ಸಿದ್ಧ ಉಡುಪಿನ ವಿಭಾಗದಲ್ಲಿ ಕೆಲಸ. ಮೊದಲ ದಿನ ಕೊಟ್ಟ ರೇಷ್ಮೆಯ ಸಮವಸ್ತ್ರ ಅಳತೆಗೆ ದೊಡ್ಡದು, ತಲೆಗೂದಲು ಹಿಡಿತಕ್ಕೆ ಸಿಗದು. ಜೊತೆಯ ಹುಡುಗಿಯರು ನಗುತ್ತಾರೆ. ಗಿರಾಕಿಗಳಾಗಿ ಬಂದ ಹೆಂಗಸರೂ ನಗುತ್ತಾರೆ.

ಈ ನಗೆಯ ನಡುವೆ ಅವಳೊಂದಿಗೆ ಸ್ನೇಹದಿಂದ ನಡೆದುಕೊಳ್ಳುವವಳು ಪೋಲಿನ್ ಕುನ್ಯೊ. ಬೇರೆ ವಿಭಾಗದವಳಾದ್ದರಿಂದ ಅವರಿಬ್ಬರ ನಡುವೆ ಪೈಪೋಟಿಯಿಲ್ಲ. ಇದು ಸಣ್ಣ ವಿಷಯವೆಂದು ತೋರಬಹುದು, ಆದರೆ ಇಲ್ಲೇ ಮಳಿಗೆಯ ಆರ್ಥಿಕ ವ್ಯವಸ್ಥೆಯ ಗುಟ್ಟು ಇದೆ. ಮಾರಾಟಗಾರ್ತಿಯ ಗಳಿಕೆ ಅವಳು ಮಾರಿದ ಸರಕಿನ ಮೇಲೆ ಸಿಗುವ ಕಮಿಷನ್ನಿನಿಂದ ಬರುತ್ತಿತ್ತು. ಹೊಸಬಳಾದ ದೆನೀಸಳಿಗೆ ನಿಗದಿತ ಸಂಬಳವೇ ಇಲ್ಲ. ಊಟ, ವಸತಿ ಮತ್ತು ಕಮಿಷನ್, ಅಷ್ಟೇ. ಒಂದೇ ವಿಭಾಗದ ಹುಡುಗಿಯರು ಒಬ್ಬ ಗಿರಾಕಿಗಾಗಿ ಪರಸ್ಪರ ಹಲ್ಲು ಮಸೆಯಬೇಕಾದ ಏರ್ಪಾಡು ಅದು. ಒಳ್ಳೆಯ ಗಿರಾಕಿಗಳನ್ನು ಹಳಬರು ಹಿಡಿದುಕೊಳ್ಳುತ್ತಾರೆ, ನೋಡಿಹೋಗಲು ಬಂದವರನ್ನು ಹೊಸಬಳಿಗೆ ಬಿಡುತ್ತಾರೆ. ಹಾಗಾಗಿ ಅಲ್ಲಿ ಗೆಳೆತನ ಬೇರೆ ವಿಭಾಗದಿಂದಲೇ ಬರಬೇಕಿತ್ತು. ಜೋಲಾ ಇದನ್ನು ವಿವರಿಸಿ ಹೇಳುವುದಿಲ್ಲ, ಪಾತ್ರವನ್ನು ಸರಿಯಾದ ಕಡೆ ಇಡುತ್ತಾನೆ.

ಪೋಲಿನ್ ಮಾಡುವುದು ಲೆಕ್ಕದ ಮಾತು. ದೆನೀಸ್ ಚಿಕ್ಕ ತಮ್ಮನನ್ನು ನೋಡಿಕೊಳ್ಳುವ ಹೆಂಗಸಿಗೆ ತಿಂಗಳಿಗೆ 40 ಫ್ರಾಂಕ್ ಕೊಡಬೇಕು. ದೊಡ್ಡ ತಮ್ಮ ಜಾನ್ ಆಗಾಗ ಬಂದು ಹಣ ಕೇಳುತ್ತಾನೆ. ಅವಳ ಬೂಟು ಹರಿದಿದೆ. ಹೊಸದು ಕೊಳ್ಳಲು ಕಾಸಿಲ್ಲ. ರೇಷ್ಮೆಯ ಉಡುಪು ತೊಟ್ಟು ದಿನವಿಡೀ ನಿಂತು ಮಾರುವವಳ ಕಾಲಲ್ಲಿ ಹರಕು ಬೂಟು! ಪೋಲಿನ್ ಕೈಲಾದ ಸಹಾಯಕ್ಕೆ ಮುಂದಾಗುತ್ತಾಳೆ. ಜೊತೆಗೆ ಒಂದು ಸಲಹೆಯನ್ನೂ ಕೊಡುತ್ತಾಳೆ: ಈ ಗಳಿಕೆಯಲ್ಲಿ ಇಲ್ಲಿ ಯಾವ ಹುಡುಗಿಯೂ ಬದುಕಲಾರಳು, ಎಲ್ಲರಂತೆ ನೀನೂ ಒಬ್ಬ ಗಂಡಸಿನ ಆಸರೆ ಹಿಡಿ. ತಾನು ಹಾಗೆಯೇ ಬದುಕುತ್ತಿರುವುದನ್ನು ಅವಳು ಮುಚ್ಚಿಡುವುದಿಲ್ಲ. ಅವಳ ಗೆಳೆಯ ಬೋಜೆ ಬಾನ್ ಮಾರ್ಶೆಯಲ್ಲಿ ಮಾರಾಟಗಾರ. ದೆನೀಸ್ ಆ ಸಲಹೆಯನ್ನು ಒಪ್ಪುವುದಿಲ್ಲ. ರಾತ್ರಿಯಲ್ಲಿ ಕಳ್ಳತನದಿಂದ ಟೈ ಗಂಟುಗಳನ್ನು ಹೊಲಿದು ನಾಲ್ಕು ಕಾಸು ಸಂಪಾದಿಸುತ್ತಾಳೆ.

ಇಲ್ಲಿ ಓದುಗರಾದ ನಾವು ಪೋಲಿನ್‌ಳನ್ನು ಕೆಟ್ಟವಳೆಂದು ತಳ್ಳಿಹಾಕುವ ಅವಸರ ಮಾಡಬಾರದು. ಅವಳ ಮಾತಿನಲ್ಲಿ ನೀತಿಯ ಪ್ರಶ್ನೆಗಿಂತ ಸಂಬಳದ ಪ್ರಶ್ನೆಯಿದೆ. ಹೆಣ್ಣಿನ ದುಡಿಮೆಗೆ ಕೊಡುವ ಹಣ ಅವಳೊಬ್ಬಳ ಜೀವನಕ್ಕೂ ಸಾಲದು, ಉಳಿದದ್ದನ್ನು ತಂದೆಯೋ ಗಂಡನೋ ಗೆಳೆಯನೋ ತುಂಬಬೇಕು ಎಂಬ ತಿಳುವಳಿಕೆಯ ಮೇಲೆಯೇ ಆಗಿನ ಸಂಬಳಗಳು ನಿಂತಿದ್ದವು. ಮಾಲೀಕರು ಬಾಯಿಬಿಟ್ಟು ಹೇಳದ ಈ ಸತ್ಯವನ್ನು ಪೋಲಿನ್ ಸಂಕೋಚವಿಲ್ಲದೆ ಹೇಳುತ್ತಾಳೆ. ಇತಿಹಾಸಕಾರನಿಗೆ ನಾಯಕಿಯ ಆದರ್ಶಕ್ಕಿಂತ ಗೆಳತಿಯ ಈ ಮಾತು ಹೆಚ್ಚು ಉಪಯೋಗದ್ದು.

ಒಂದು ಭಾನುವಾರ ಪೋಲಿನ್ ದೆನೀಸಳನ್ನು ಊರ ಹೊರಗೆ ಮಾರ್ನ್ ನದಿಯ ದಡದ ಜ್ವಾನ್‌ವಿಲ್‌ಗೆ ಕರೆದೊಯ್ಯುತ್ತಾಳೆ. ರೈಲು, ನದಿ, ಮರದ ನೆರಳು, ಊಟ. ಕಾದಂಬರಿಯ ಉದ್ದಕ್ಕೂ ಬಟ್ಟೆಯ ರಾಶಿಯ ನಡುವೆ ಉಸಿರುಗಟ್ಟಿದ ಓದುಗನಿಗೂ ಈ ಪುಟಗಳಲ್ಲಿ ಗಾಳಿ ಬೀಸಿದಂತಾಗುತ್ತದೆ. ಆದರೆ ರಾತ್ರಿ ಹನ್ನೊಂದರ ಒಳಗೆ ಹಿಂತಿರುಗಬೇಕು, ಇಲ್ಲವಾದರೆ ಬಾಗಿಲು ಮುಚ್ಚುತ್ತದೆ. ಹುಡುಗಿಯರ ವಸತಿಯಿದ್ದದ್ದು ಮಳಿಗೆಯ ಮಾಡಿನ ಕೆಳಗಿನ ಪುಟ್ಟ ಕೋಣೆಗಳಲ್ಲಿ. ಬಾನ್ ಮಾರ್ಶೆಯಲ್ಲೂ ಮದುವೆಯಾಗದ ಹುಡುಗಿಯರಿಗೆ ಕಟ್ಟಡದ ಮೇಲಂತಸ್ತಿನಲ್ಲೇ ವಸತಿಯಿತ್ತು. ಮಳಿಗೆಯೇ ಮನೆ, ಮಾಲೀಕನೇ ಪೋಷಕ. ವ್ಯಾಪಾರ ಮಂದವಾದ ಬೇಸಿಗೆಯಲ್ಲಿ ಮಾತ್ರ ಈ ಪೋಷಕ ಡಜನ್ನುಗಟ್ಟಲೆ ಮಕ್ಕಳನ್ನು ಬೀದಿಗೆ ಅಟ್ಟುತ್ತಿದ್ದ. ಹಣ ಎಣಿಸುವ ಗಲ್ಲಾದ ಕಡೆ ಹೋಗು ಎಂದರೆ ಕೆಲಸ ಹೋಯಿತೆಂದೇ ಅರ್ಥ. ದೆನೀಸಳ ಗತಿಯೂ ಒಮ್ಮೆ ಹೀಗೆಯೇ ಆಗುತ್ತದೆ. ತಮ್ಮನೊಂದಿಗೆ ಮಾತಾಡುತ್ತಿದ್ದುದನ್ನು ಕಂಡ ಕಾವಲುಗಾರ ಅವನನ್ನು ಪ್ರಿಯಕರನೆಂದು ಭಾವಿಸುತ್ತಾನೆ, ಅಷ್ಟು ಸಾಕಾಯಿತು.

ಕಥೆಯ ಮುಂದಿನ ಭಾಗ ನಿಮಗೆ ಊಹಿಸಲು ಕಷ್ಟವಲ್ಲ. ದೆನೀಸ್ ಮತ್ತೆ ಮಳಿಗೆಗೆ ಬರುತ್ತಾಳೆ, ಮೇಲೇರುತ್ತಾಳೆ, ಮಾಲೀಕ ಮುರೆ ಅವಳಿಗೆ ಮನಸೋಲುತ್ತಾನೆ, ಕೊನೆಗೆ ಮದುವೆ. ಜೋಲಾನ ಕಾದಂಬರಿಗಳಲ್ಲಿ ಇಂಥ ಸುಖಾಂತ ಅಪರೂಪ. ನಿಜ ಹೇಳಬೇಕೆಂದರೆ ದೆನೀಸಳ ಒಳ್ಳೆಯತನ ಒಮ್ಮೊಮ್ಮೆ ಬೇಸರ ತರಿಸುತ್ತದೆ. ಪೋಲಿನ್ ಹಾಗಲ್ಲ. ಅವಳು ಬೋಜೆಯನ್ನೇ ಮದುವೆಯಾಗಿ, ಮಾರುವ ಕೆಲಸವನ್ನೇ ಮುಂದುವರಿಸಿ, ಗರ್ಭಿಣಿಯಾಗುತ್ತಾಳೆ. ಕಾದಂಬರಿಯ ಹನ್ನೆರಡನೆಯ ಅಧ್ಯಾಯದಲ್ಲಿ ಬರುವ ಈ ಪ್ರಸಂಗ ಕೆಲವೇ ಸಾಲುಗಳದ್ದು. ನನ್ನ ದೃಷ್ಟಿಯಲ್ಲಿ ಇಡೀ ಕೃತಿಯಲ್ಲಿ ಮನಸ್ಸನ್ನು ಹೆಚ್ಚು ಕಲಕುವುದು ಅದೇ.

ಗರ್ಭಿಣಿಯಾದವಳನ್ನು ಕೆಲಸದಿಂದ ತೆಗೆಯುವುದು ಮಳಿಗೆಯ ಪದ್ಧತಿ. ಗಿರಾಕಿಗಳ ಕಣ್ಣಿಗೆ ಅದು ಚೆನ್ನಾಗಿ ಕಾಣುವುದಿಲ್ಲವಂತೆ. ಆದ್ದರಿಂದ ಪೋಲಿನ್ ತನ್ನ ಸ್ಥಿತಿಯನ್ನು ಮರೆಮಾಡಲು ಸೊಂಟದ ಕಾರ್ಸೆಟ್ಟನ್ನು ಉಸಿರುಕಟ್ಟುವಂತೆ ಬಿಗಿಯುತ್ತಾಳೆ. ಸ್ವಲ್ಪ ದಿನ ಮೊದಲು ಇನ್ನೊಬ್ಬ ಮಾರಾಟಗಾರ್ತಿ ಹೀಗೆಯೇ ಬಿಗಿದುಕೊಂಡು ಸತ್ತ ಮಗುವನ್ನು ಹೆತ್ತಿದ್ದಳು. ಹೆಂಗಸರಿಗೆ ಚೆಲುವಿನ ಆಕಾರ ಕೊಡುತ್ತೇವೆಂದು ಮಳಿಗೆ ಮಾರುವ ಉಡುಪು ಕೊಠಡಿಯ ಇನ್ನೊಂದು ಬದಿಯಲ್ಲಿ ಮಾಡುತ್ತಿದ್ದ ಕೆಲಸ ಇದು. ಆಡಳಿತಗಾರ ಬೂರ್ದೊಂಕ್ಲ್ ಪೋಲಿನ್‌ಳ ಬಿಳಿಚಿದ ಮುಖ ಕಂಡು ಅನುಮಾನಪಡುತ್ತಾನೆ. ಅಷ್ಟರಲ್ಲಿ ದೆನೀಸಳಿಗೆ ಮಾಲೀಕನ ಮೇಲೆ ಪ್ರಭಾವವಿರುತ್ತದೆ. ಅವಳು ಮಧ್ಯೆ ಬಂದು ಪದ್ಧತಿಯನ್ನೇ ಬದಲಿಸುತ್ತಾಳೆ. ಗರ್ಭಿಣಿಯಾದ ವಿವಾಹಿತ ನೌಕರಳನ್ನು ತೆಗೆದುಹಾಕಬಾರದು. ಅಂಗಡಿಯಲ್ಲಿ ನಿಲ್ಲುವುದು ಸರಿಕಾಣದ ಹಂತ ಬಂದಾಗ ಅವಳನ್ನು ಸೂಲಗಿತ್ತಿಯ ಆರೈಕೆಗೆ ಕಳಿಸಬೇಕು ಎಂಬುದು ಹೊಸ ನಿಯಮ. ಅದು ಕೂಡ ಮಾಲೀಕನ ಕೃಪೆಯೇ ಹೊರತು ನೌಕರಳ ಹಕ್ಕಲ್ಲ ಎಂಬುದನ್ನು ಗಮನಿಸಿ. ಪೋಲಿನ್ ಉಳಿದದ್ದು ಅವಳ ಗೆಳತಿ ಮಾಲೀಕನಿಗೆ ಹತ್ತಿರದವಳಾಗಿದ್ದರಿಂದ. ಹಾಗೆ ಗೆಳತಿಯಿಲ್ಲದವರ ಗತಿಯೇನು?

ಕಾದಂಬರಿಯನ್ನು ಚರಿತ್ರೆಯ ದಾಖಲೆಯೆಂದು ಹಾಗೆಯೇ ಒಪ್ಪಬಹುದೇ ಎಂದು ನೀವು ಕೇಳಬಹುದು. ಒಪ್ಪಲಾಗದು. ಜೋಲಾ ತನ್ನ ಕಾಲದ ಸಂಗತಿಗಳನ್ನು ಹದಿನೈದು ವರ್ಷ ಹಿಂದಕ್ಕೆ ತಳ್ಳಿದ್ದಾನೆ. ಕಬ್ಬಿಣ ಮತ್ತು ಗಾಜಿನ ಆ ವಿಶಾಲ ಪಡಸಾಲೆಗಳು ಕಥೆಯಲ್ಲಿ 1860ರ ದಶಕದವು; ನಿಜವಾಗಿ ಬಾನ್ ಮಾರ್ಶೆಯ ಹೊಸ ಕಟ್ಟಡ ಶುರುವಾದದ್ದೇ 1869ರಲ್ಲಿ, ಬೆಳೆದದ್ದು ಅದರ ಮುಂದಿನ ದಶಕದಲ್ಲಿ. ದೆನೀಸ್ ತಂದ ಸುಧಾರಣೆಗಳಾದ ಸಹಾಯನಿಧಿ, ವೈದ್ಯರು, ವಾದ್ಯವೃಂದ, ಸಂಜೆಯ ಪಾಠಗಳನ್ನು ನಿಜವಾದ ಮಳಿಗೆಯಲ್ಲಿ ತಂದವರು ಬೂಸಿಕೋ ದಂಪತಿಗಳು. ನೌಕರರ ಭವಿಷ್ಯನಿಧಿ 1876ರದು. ನಿವೃತ್ತಿವೇತನದ ನಿಧಿಯನ್ನು ಮಾರ್ಗರೀತ್ ಬೂಸಿಕೋ 1886ರಲ್ಲಿ ಸ್ಥಾಪಿಸಿದಳು, ಅಂದರೆ ಕಾದಂಬರಿ ಬಂದ ಮೂರು ವರ್ಷದ ಮೇಲೆ.

ಜೋಲಾ ಬಿಟ್ಟದ್ದೂ ಇದೆ. 1869ರಲ್ಲಿ ಪ್ಯಾರಿಸಿನ ಅಂಗಡಿ ನೌಕರರು ಸಂಘ ಕಟ್ಟಿಕೊಂಡು, ಭಾನುವಾರದ ರಜೆ ಮತ್ತು ದುಡಿಮೆಯ ಗಂಟೆಗಳ ಇಳಿಕೆ ಕೇಳಿ ಮುಷ್ಕರ ಹೂಡಿದ್ದರು. ಅದು ಸೋತಿತು. ಕಥೆ ಮುಗಿಯುವುದೂ 1869ರಲ್ಲೇ, ಆದರೆ ಮುಗಿಯುವುದು ಮುಷ್ಕರದಿಂದಲ್ಲ, ಮದುವೆಯ ಮಾತಿನಿಂದ. ಇದನ್ನು ಬರೇ ಮರೆವು ಎನ್ನಲಾರೆ. ಹೊಸ ಕಾಲದ ಈ ಯಂತ್ರವನ್ನು ಜೋಲಾ ಮೆಚ್ಚಿದ್ದ. ಒಬ್ಬಳ ಸದ್ಗುಣದಿಂದ ಅದು ಸರಿಹೋಗಲಿ ಎಂದು ಬಯಸಿದ್ದ.

ನಿಜ ಜೀವನದ ಪೋಲಿನ್‌ಗಳಿಗೆ ಕಾನೂನು ತಲುಪಿದ್ದು ನಿಧಾನವಾಗಿ. ದಿನವಿಡೀ ನಿಂತೇ ಇರಬೇಕಾದ ಕಷ್ಟಕ್ಕೆ ಫ್ರಾನ್ಸಿನಲ್ಲಿ 1900ರ ಡಿಸೆಂಬರಿನಲ್ಲಿ ಒಂದು ಕಾಯಿದೆ ಬಂತು. ಅಂಗಡಿಯಲ್ಲಿ ಎಷ್ಟು ಹೆಂಗಸರು ಕೆಲಸಕ್ಕಿದ್ದಾರೋ ಅಷ್ಟು ಆಸನಗಳನ್ನು ಇಡಬೇಕೆಂಬುದು ಅದರ ಸಾರ; ಅದನ್ನು ‘ಆಸನಗಳ ಕಾಯಿದೆ’ ಎಂದೇ ಕರೆಯುತ್ತಾರೆ. ಇದೆಲ್ಲ ದೂರದ ಹಳೆಯ ಮಾತೆನಿಸಿದರೆ ಒಂದು ಸಂಗತಿ ಹೇಳುತ್ತೇನೆ. ನಮ್ಮ ನೆರೆಯ ಕೇರಳದಲ್ಲಿ ಜವಳಿ ಅಂಗಡಿಗಳ ಮಾರಾಟಗಾರ್ತಿಯರು ಕುಳಿತುಕೊಳ್ಳುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು. ಅಲ್ಲಿ ಕಾಯಿದೆಗೆ ಅದು ಸೇರಿದ್ದು 2018ರಲ್ಲಿ. ತಮಿಳುನಾಡಿನಲ್ಲಿ 2021ರಲ್ಲಿ. ಫ್ರಾನ್ಸಿನಲ್ಲಿ ವಾರಕ್ಕೊಂದು ದಿನದ ಕಡ್ಡಾಯ ರಜೆ 1906ರಲ್ಲಿ ಬಂತು, 1869ರ ಮುಷ್ಕರಕ್ಕೆ 37 ವರ್ಷ ತುಂಬಿದ ಮೇಲೆ.

ಹೆರಿಗೆಯ ವಿಷಯಕ್ಕೆ ಇನ್ನೂ ಕಾಯಬೇಕಾಯಿತು. 1909ರ ನವೆಂಬರಿನ ಕಾಯಿದೆ, ಹೆರಿಗೆಗಾಗಿ ಎಂಟು ವಾರ ಕೆಲಸ ಬಿಟ್ಟರೆ ಆ ಕಾರಣಕ್ಕೆ ಹೆಣ್ಣುಮಗಳನ್ನು ತೆಗೆದುಹಾಕುವಂತಿಲ್ಲ ಎಂದಿತು. ಆ ಎಂಟು ವಾರಕ್ಕೆ ಸಂಬಳವಿರಲಿಲ್ಲ. ಸಣ್ಣ ಭತ್ಯೆಯ ಏರ್ಪಾಡು 1913ರಲ್ಲಿ ಆಯಿತು. ನಮ್ಮಲ್ಲಿ ಮುಂಬಯಿ ಪ್ರಾಂತದ ಹೆರಿಗೆ ಸೌಲಭ್ಯದ ಕಾಯಿದೆ 1929ರಲ್ಲಿ, ಇಡೀ ದೇಶದ ಕಾಯಿದೆ 1961ರಲ್ಲಿ ಬಂದವು. 2017ರ ತಿದ್ದುಪಡಿ ಸಂಬಳಸಹಿತ ರಜೆಯನ್ನು ಮೊದಲೆರಡು ಹೆರಿಗೆಗಳಿಗೆ 26 ವಾರಕ್ಕೆ ಏರಿಸಿತು.

ಜೋಲಾ 1902ರಲ್ಲಿ ತೀರಿಕೊಂಡ, ಈ ಹೆರಿಗೆ ಕಾಯಿದೆಯನ್ನು ನೋಡಲಿಲ್ಲ. ಪೋಲಿನ್‌ಳ ಮಗು ಹುಟ್ಟುವುದು ಕಥೆಯ ಲೆಕ್ಕದಲ್ಲಿ 1869ರ ಆಸುಪಾಸು. ಅದು ಹೆಣ್ಣಾಗಿ, ತಾಯಿಯಂತೆಯೇ ಮಳಿಗೆಯ ಬಿಳಿ ಬಟ್ಟೆಯ ವಿಭಾಗಕ್ಕೆ ಸೇರಿದ್ದರೆ, ಕಾಯಿದೆ ಬಂದ ವರ್ಷ ಅವಳಿಗೆ ನಲವತ್ತು ತುಂಬಿರುತ್ತಿತ್ತು. ಅವಳ ಹೆರಿಗೆಗಳೆಲ್ಲ ಬಹುಶಃ ಆ ಹೊತ್ತಿಗೆ ಮುಗಿದೇ ಹೋಗಿರುತ್ತಿದ್ದವು.